ಯಾರ ಹೆಸರಲ್ಲಿ ಹೋಗುವುದು

ಹಲ್ಲು ಕಟ್ಟಿಸಿಕೊಂಡವರು ಡಾಕ್ಟರನ್ನು ಹೊಗಳುತ್ತಾರೆ, ಇಲ್ಲವೇ ಬೈಯುತ್ತಾರೆ. ಡಾಕ್ಟರು ದವಡೆಯ ಅಚ್ಚು ತೆಗೆದು ಕಳಿಸಿದ ಮೇಲೆ ಆ ಹಲ್ಲನ್ನು ಕೂತು ಮಾಡುವವರು ಯಾರು ಎಂದು ಕೇಳಿದವರಿಲ್ಲ. ಮೂರು ದಂತ ಚಿಕಿತ್ಸಾಲಯಗಳ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಲ್ಯಾಬು. ಅಲ್ಲಿ ಹದಿನೇಳು ವರ್ಷದಿಂದ ಆ ಕೆಲಸ ಮಾಡುತ್ತಿದ್ದವಳು ಇವಳು.

ಓಣಿಯ ಮಕ್ಕಳು ಇವಳಿಗೆ ಹಲ್ಲಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಏಕೆಂದರೆ ಅವಳ ಮುಂದಿನ ಎರಡು ಹಲ್ಲು ಹುಟ್ಟಾ ಉಬ್ಬು; ಹೆಸರು ಕೆಲಸಕ್ಕೆ ಇಟ್ಟದ್ದೋ ಮುಖಕ್ಕೆ ಇಟ್ಟದ್ದೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಅಂಗಡಿಯವನು, ಅಂಚೆಯವನು, ಕೊನೆಗೆ ಸ್ವಂತ ಗಂಡನೂ ಹಾಗೆಯೇ ಕರೆಯತೊಡಗಿದ.

ಬೆಳಿಗ್ಗೆ ಒಂಬತ್ತಕ್ಕೆ ಮಾಸ್ಕು ಕಟ್ಟಿ, ಸ್ಪಿರಿಟ್ ದೀಪ ಹಚ್ಚಿ ಕೂತಳೆಂದರೆ ಸಂಜೆಯವರೆಗೆ ಮೇಣ, ಪ್ಲಾಸ್ಟರು, ಪಾಲಿಶ್ ಚಕ್ರದ ಗಿರಗಿರ. ಪ್ರತಿ ಅಚ್ಚಿನ ಜೊತೆ ಒಂದು ಚೀಟಿ ಬರುತ್ತಿತ್ತು: ‘ಹೆಂಗಸು, ಅರವತ್ತೇಳು, ಮೇಲಿನದು ಪೂರ್ತಿ.’ ಅಷ್ಟೇ. ಅಷ್ಟರಲ್ಲಿ ಆ ಹೆಂಗಸು ಹೇಗಿರಬಹುದು, ನಗುವಾಗ ಬಾಯಿ ಎಷ್ಟು ತೆರೆಯಬಹುದು ಎಂದು ಊಹಿಸಿ ಒಂದೊಂದೇ ಹಲ್ಲನ್ನು ಮೇಣದಲ್ಲಿ ಕೂರಿಸುವಳು. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ಅದು ಹಲ್ಲಲ್ಲ, ಬೇಲಿ ಎಂಬುದು ಅವಳ ಅಂಬೋಣ. ಆದ್ದರಿಂದ ಒಂದನ್ನು ಕೂದಲೆಳೆಯಷ್ಟು ಓರೆ ಮಾಡುವಳು, ಇನ್ನೊಂದರ ತುದಿಯನ್ನು ತುಸು ಸವೆಸುವಳು. ಡಬ್ಬಿಗೆ ಹಾಕಿ ಕಳಿಸಿದರೆ ಮುಗಿಯಿತು. ಯಾರ ಬಾಯಿಗೆ ಹೋಯಿತೋ ದೇವರಿಗೇ ಗೊತ್ತು. ಚುಚ್ಚುತ್ತದೆ, ಸಡಿಲವಾಗಿದೆ ಎಂದು ತಕರಾರು ಬಂದಾಗ ಮಾತ್ರ ಫೋನು ಬರುತ್ತಿತ್ತು. ಚೆನ್ನಾಗಿ ಕೂತಿದೆ ಎಂದು ಹೇಳಲು ಒಬ್ಬರೂ ಫೋನು ಮಾಡಿದ್ದಿಲ್ಲ. ತಾನು ಮಾಡಿದ ಹಲ್ಲು ಮನುಷ್ಯರ ಬಾಯಲ್ಲಿ ಇರುವುದನ್ನು ಅವಳು ಕಣ್ಣಾರೆ ಕಂಡಿದ್ದು ಒಬ್ಬರಲ್ಲೇ, ಮಾವನಲ್ಲಿ. ಅವರೋ ಸೊಸೆಯ ಮೇಲೆ ಮುನಿಸು ಬಂದಾಗೆಲ್ಲ ಹಲ್ಲಿನ ಸೆಟ್ಟು ತೆಗೆದು ಲೋಟದೊಳಗೆ ಇಟ್ಟು, ಬೊಚ್ಚು ಬಾಯಿ ಬಿಗಿದು ಕೂರುವ ಆಸಾಮಿ.

ಚಳಿಯ ದೇಶವೊಂದಕ್ಕೆ ವಲಸೆ ಹೋಗುವ ಯೋಚನೆ ಅವಳದಲ್ಲ, ಗಂಡನದು. ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ. ಆ ದೇಶದವರಿಗೆ ಬೇಕಾದ ಕಸುಬುಗಳ ಪಟ್ಟಿಯಲ್ಲಿ ಹೆಂಡತಿಯ ಕಸುಬು ಇದೆ ಎಂದು ಯಾರೋ ಹೇಳಿದ್ದೇ ತಡ, ಅರ್ಜಿ ತಂದು, ಅವಳಿಂದ ಸಹಿ ಹಾಕಿಸಿ, ಫೋಟೋ ಅಂಟಿಸಿ ಕಳಿಸಿಬಿಟ್ಟ. ಮೂರು ವರ್ಷ ಯಾವ ಸುದ್ದಿಯೂ ಇಲ್ಲ. ಮರೆತೇಹೋಗಿದ್ದಾಗ ದಪ್ಪ ಲಕೋಟೆ ಬಂತು. ಗಂಡ, ಹೆಂಡತಿ, ಹದಿನಾಲ್ಕು ವರ್ಷದ ಮಗಳು ಮೂವರಿಗೂ ಅಲ್ಲಿ ನೆಲೆಸಲು ಅನುಮತಿ. ಹನ್ನೊಂದು ತಿಂಗಳೊಳಗೆ ಅವಳು ಕಾಲಿಡಬೇಕು, ಇಲ್ಲದಿದ್ದರೆ ಮೂವರ ಅನುಮತಿಯೂ ರದ್ದು; ಉಳಿದಿಬ್ಬರು ಆಮೇಲೆ ಬಂದರೂ ನಡೆಯುತ್ತದೆ. ಕೆಲಸದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೆಲಸ ನೀವೇ ಹುಡುಕಿಕೊಳ್ಳತಕ್ಕದ್ದು.

ಅವಳು ಅಲ್ಲಿಯ ಲ್ಯಾಬುಗಳಿಗೆ ಬರೆದಳು. ಮೂವತ್ತಕ್ಕೆ ಬರೆದರೆ ಉತ್ತರ ಕೊಟ್ಟವರು ನಾಲ್ವರು. ‘ಬಂದ ಮೇಲೆ ಬನ್ನಿ, ನೋಡೋಣ’ ಎನ್ನುವುದೇ ನಾಲ್ಕರ ತಾತ್ಪರ್ಯ. ನಾಲ್ಕನೆಯವನು ಮಾತ್ರ ಇನ್ನೊಂದು ಸಾಲು ಸೇರಿಸಿದ್ದ: ನಿಮ್ಮಂಥವರು ಇಲ್ಲಿ ಮತ್ತೆರಡು ವರ್ಷ ಓದಿ ಪರೀಕ್ಷೆ ಪಾಸಾದರೆ, ಹಲ್ಲಿಲ್ಲದವರನ್ನು ನೀವೇ ಎದುರು ಕೂರಿಸಿಕೊಂಡು ಅಳತೆ ತೆಗೆದು ಸೆಟ್ಟು ಕೂರಿಸಬಹುದು, ಅದಕ್ಕೆ ಪ್ರತ್ಯೇಕ ಪರವಾನಗಿ ಇದೆ. ಆ ಸಾಲನ್ನು ಅವಳು ಎರಡು ಸಲ ಓದಿದಳು. ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ದಿನಕ್ಕೊಂದು ತೀರ್ಮಾನವಾಗತೊಡಗಿತು. ಸೋಮವಾರ ಹೋಗುವುದು, ಮಂಗಳವಾರ ಬೇಡ. ‘ನೀರಿಗೆ ಇಳಿದ ಮೇಲೇ ಈಜು ಬರೋದು,’ ಎಂದು ಗಂಡ. ‘ಈಜು ಬರೋವರೆಗೂ ಮುಳುಗದೆ ಇರಬೇಕಲ್ಲ ರೀ,’ ಎಂದು ಅವಳು. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ,’ ಎಂದರು ಮಾವ, ಇಷ್ಟನ್ನು ಹೇಳಲಿಕ್ಕೆಂದೇ ಹಲ್ಲು ಹಾಕಿಕೊಂಡು ಬಂದು. ಎರಡು ಬೀದಿಯಾಚೆ ಇದ್ದ ನಾದಿನಿ, ‘ಹೋಗ್ರೀ ಅತ್ತಿಗೆ, ಇಂಥ ಅವಕಾಶ ಯಾರಿಗೆ ಸಿಗುತ್ತೆ,’ ಎಂದು ಬೆಳಿಗ್ಗೆ ಹೇಳಿ, ಸಂಜೆ ಬಂದು ‘ನೀವು ಹೋದರೆ ನನಗ್ಯಾರು’ ಎಂದು ಕಣ್ಣೀರಿಟ್ಟಳು. ಕೂಡಿಟ್ಟ ದುಡ್ಡು ಅಲ್ಲಿ ಆರು ತಿಂಗಳು ಉಸಿರು ಹಿಡಿದು ಬದುಕುವಷ್ಟಿತ್ತು. ಏಳನೆಯ ತಿಂಗಳ ಮಾತು ಬಂದರೆ ಎಲ್ಲರೂ ಟೀ ಕುಡಿಯಲು ಏಳುತ್ತಿದ್ದರು.

ಹೀಗೆ ಐದು ತಿಂಗಳು ಕಳೆಯಿತು. ಆಗ ಅವಳಿಗೆ ಪಿಂಗಾಣಿಯ ನೆನಪಾಯಿತು. ಪಿಂಗಾಣಿ ಎಂದರೆ ಲ್ಯಾಬಿನಲ್ಲಿ ಇವಳ ಪಕ್ಕದ ಮೇಜಿನಲ್ಲೇ ಕೂತು ಪಿಂಗಾಣಿ ಹಲ್ಲು ಮಾಡುತ್ತಿದ್ದ ಗೆಳತಿ. ಕೆಲಸ ಗೊತ್ತು ಮಾಡಿಕೊಳ್ಳದೆ ಅದೇ ದೇಶಕ್ಕೆ ಹೋಗಿ, ಹದಿನಾಲ್ಕು ತಿಂಗಳಿಗೆ ವಾಪಸ್ ಬಂದಿದ್ದಳು. ಕೆಲಸ ಸಿಗದೆ ಬಾಲ ಮುದುರಿಕೊಂಡು ಬಂದಳು ಎಂದು ಎಲ್ಲರೂ ಆಡಿಕೊಂಡಿದ್ದರು. ಈಗ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುತ್ತಾಳೆ. ‘ಹೋಗಬೇಡ’ ಎಂಬ ಮಾತು ಅವಳ ಬಾಯಿಂದಲೇ ಬಂದುಬಿಟ್ಟರೆ ಮನಸ್ಸು ಹಗುರಾದೀತು ಎಂದುಕೊಂಡೇ ಹಲ್ಲಕ್ಕ ಭಾನುವಾರ ಅವಳ ಮನೆಗೆ ಹೋದದ್ದು.

ಪಿಂಗಾಣಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಹೋಗಲೋ ಬೇಡವೋ ಎಂಬ ಮಾತು ಕೇಳಿ ನಕ್ಕಳು. ‘ಕೆಲಸ ಸಿಗದೆ ಬಂದೆ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಸಿಕ್ಕಿತ್ತು ಕಣೇ. ಎಂಟನೇ ತಿಂಗಳಲ್ಲಿ ಸಿಕ್ತು. ಒಳ್ಳೇ ಕೆಲಸಾನೇ.’

‘ಮತ್ತೆ ಯಾಕೆ ಬಂದೆ?’

‘ಅಲ್ಲೀವರೆಗೆ ಕೆಲಸ ಹುಡುಕೋದೇ ಒಂದು ಕೆಲಸವಾಗಿತ್ತು. ಸಿಕ್ಕಿದ ಮೇಲೆ ದಿನಾ ಬಸ್ಸಲ್ಲಿ ಕೂತು ಯೋಚನೆ. ನಾನು ಇಲ್ಲಿಗೆ ಬಂದಿದ್ದು ಯಾತಕ್ಕೆ ಅಂತ. ಅಣ್ಣ ಹೋಗು ಅಂದ, ಬಂದೆ. ಪರಿಚಯದವರೆಲ್ಲ ಹೊರಟ್ರು, ನಾನೂ ಹೊರಟೆ. ನನ್ನದು ಅಂತ ಒಂದು ಕಾರಣ ಹುಡುಕಿದೆ, ಸಿಗಲಿಲ್ಲ. ಆರು ತಿಂಗಳು ಹಲ್ಲು ಕಚ್ಚಿಕೊಂಡು ಇದ್ದು ಬಂದುಬಿಟ್ಟೆ.’

‘ಅಂದ್ರೆ ಹೋಗಬೇಡ ಅಂತೀಯಾ?’

‘ನಾನೆಲ್ಲಿ ಹಾಗಂದೆ?’ ಪಿಂಗಾಣಿ ಅಂಗಿಯ ಕಾಲರು ತಿರುಗಿಸಿ ಒತ್ತಿದಳು. ‘ನನ್ನ ಹೊಟ್ಟೆನೋವಿಗೆ ನೀನು ಮಾತ್ರೆ ನುಂಗಬೇಡ. ಅಲ್ಲಿ ಚಳಿಗೆ ಅಂತ ತಗೊಂಡಿದ್ದ ದಪ್ಪ ಕೋಟು ಬೀರುವಿನಲ್ಲಿದೆ. ಹೋಗೋದಾದ್ರೆ ತಗೊಂಡು ಹೋಗು. ಹೋಗದಿದ್ರೂ ತಗೊಂಡು ಹೋಗು ಮಾರಾಯ್ತಿ, ಬೀರುವಿನ ಅರ್ಧ ಜಾಗ ಅದೇ ತಿಂತಿದೆ.’

ಬಂದ ಕೆಲಸ ಆಗದೆ, ಕೋಟು ಹೊತ್ತುಕೊಂಡು ಹಲ್ಲಕ್ಕ ಮನೆಗೆ ಬಂದಳು. ಬಾಗಿಲಲ್ಲಿ ಗಂಡ ಪಕ್ಕದ ಮನೆಯವರೊಂದಿಗೆ ನಿಂತಿದ್ದ. ಕೋಟು ಕಂಡದ್ದೇ ಅವನ ಮುಖ ಅರಳಿತು. ‘ನೋಡಿ, ತಯಾರಿ ಶುರುವಾಯ್ತು! ನಮಗೇನು ಸಾರ್, ಅರ್ಧ ಆಯಸ್ಸು ಮುಗೀತು. ಎಲ್ಲ ಮಗಳಿಗೋಸ್ಕರ.’

ಒಳಗೆ ಪುಸ್ತಕ ಹಿಡಿದು ಕೂತಿದ್ದ ಮಗಳು ಎದ್ದು ಬಂದಳು. ಅವಳು ಅಪ್ಪನಿಗೆ ಎದುರು ಮಾತಾಡುವವಳಲ್ಲ. ಪಕ್ಕದ ಮನೆಯವರು ಹೋಗುವ ತನಕ ಕಾದಿದ್ದು, ‘ಅಪ್ಪಾ, ನನ್ನ ಹೆಸರು ಹೇಳಬೇಡಿ,’ ಎಂದಳು.

‘ಯಾಕೆ ಪುಟ್ಟೀ?’

‘ನಾನು ಕೇಳಿದ್ನಾ? ಹೋಗೋದಾದ್ರೆ ಹೋಗೋಣ. ಇರೋದಾದ್ರೆ ಇರೋಣ. ಆದ್ರೆ ಅಲ್ಲಿ ಅಮ್ಮನಿಗೆ ಕೆಲಸ ಸಿಗದೆ ಇದ್ರೆ, ನಿಮಗೆ ಬೇಜಾರಾದ್ರೆ, ಇಬ್ಬರೂ ನನ್ನ ಮುಖ ನೋಡ್ತೀರಿ. ನಿನಗೋಸ್ಕರ ತಾನೆ ಬಂದಿದ್ದು ಅಂತೀರಿ. ನಾನು ಪ್ರತಿ ಪರೀಕ್ಷೆಯಲ್ಲೂ ಫಸ್ಟ್ ಬಂದು ಅದನ್ನ ತೀರಿಸ್ತಾ ಇರಬೇಕಾ?’

ಗಂಡ ‘ನೋಡಿದ್ಯಾ, ಎಷ್ಟು ದೊಡ್ಡ ಮಾತು!’ ಎಂದು ನಕ್ಕುಬಿಟ್ಟ. ಹಲ್ಲಕ್ಕನಿಗೆ ನಗು ಬರಲಿಲ್ಲ. ಐದು ತಿಂಗಳಿಂದ ತಾನು ಹೋಗುವುದಕ್ಕೂ ಮಗಳನ್ನೇ ಮುಂದೆ ಮಾಡಿದ್ದೆ, ಇರುವುದಕ್ಕೂ ಮಾವನನ್ನೇ ಮುಂದೆ ಮಾಡಿದ್ದೆ ಎಂಬುದು ಅವಳಿಗೆ ಹೊಳೆದು ನಾಚಿಕೆಯಾಯಿತು.

ಮರುದಿನ ಲ್ಯಾಬಿನಲ್ಲಿ ‘ಗಂಡಸು, ಎಪ್ಪತ್ತೊಂದು, ಎರಡೂ ದವಡೆ’ ಎಂಬ ಚೀಟಿಯ ಮುಂದೆ ಕೂತವಳು ಮಧ್ಯಾಹ್ನದವರೆಗೆ ಒಂದು ಹಲ್ಲನ್ನೂ ಕೂರಿಸಲಿಲ್ಲ. ಇವರ ತುಟಿ ದಪ್ಪವೋ ತೆಳುವೋ? ಹೆಚ್ಚು ಮಾತಾಡುವವರೋ? ಕೆಳಗೆ ಇಳಿದು ಎರಡು ನಿಮಿಷ ನಡೆದರೆ ಚಿಕಿತ್ಸಾಲಯ. ಆ ಮನುಷ್ಯ ಬಹುಶಃ ಅಲ್ಲೇ ಬೆಂಚಿನ ಮೇಲೆ ಕೂತಿರಬಹುದು. ಆದರೆ ಲ್ಯಾಬಿನವರು ಅತ್ತ ಹೋಗುವ ಹಾಗಿಲ್ಲ. ಹದಿನೇಳು ವರ್ಷ ಸಾವಿರಾರು ಬಾಯಿಗಳಿಗೆ ಹಲ್ಲು ಮಾಡಿದವಳು ಒಬ್ಬರನ್ನೂ ‘ನೋಯುತ್ತಾ? ಸರಿ ಇದೆಯಾ?’ ಎಂದು ಕೇಳಿದವಳಲ್ಲ. ನಾಲ್ಕನೆಯ ಪತ್ರದ ಆ ಸಾಲು ನೆನಪಾಯಿತು. ತನಗೆ ಹೋಗಬೇಕೆಂದಿದೆ! ಬಹಳ ಆಸೆಯಿದೆ. ಆಸೆ ಇದೆ ಎಂದು ಗೊತ್ತಾದ ಮೇಲೆ ಹೆದರಿಕೆ ಮೊದಲಿಗಿಂತ ಹೆಚ್ಚಾಯಿತು.

ಅಂದು ಬೇಗ ಹೊರಟು ಶಾಲೆಯ ಬಸ್ಸು ನಿಲ್ಲುವ ಜಾಗಕ್ಕೆ ಹೋದಳು. ಮಕ್ಕಳನ್ನೆಲ್ಲ ಇಳಿಸಿ ಬಂದ ಗಂಡ ಬಸ್ಸು ಗುಡಿಸುತ್ತಿದ್ದ. ಎರಡು ನೀರಿನ ಬಾಟಲಿ, ಒಂದು ಒಂಟಿ ಶೂ ಸಿಕ್ಕಿದ್ದವು. ಅವಳು ಮಕ್ಕಳ ಸೀಟಿನಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತಳು.

‘ನಾನು ಮೊದಲು ಒಬ್ಬಳೇ ಹೋಗ್ತೀನಿ ರೀ.’

ಪೊರಕೆ ನಿಂತಿತು. ‘ಒಬ್ಬಳೇನಾ? ಅರ್ಜಿ ತಂದೋನು ನಾನು, ಅಂಚೆಗೆ ಹಾಕಿದೋನು ನಾನು!’

‘ಹೌದು. ಆದ್ರೆ ಕೆಲಸ ಇಲ್ಲದೆ ಮೂರೂ ಜನ ಹೋದ್ರೆ ದುಡ್ಡು ಆರು ತಿಂಗಳು. ಒಬ್ಬಳೇ ಹೋದ್ರೆ ಒಂದೂವರೆ ವರ್ಷ. ನಿಮ್ಮ ಕೆಲಸ ಇಲ್ಲಿ ಇರಲಿ.’ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ‘ಮತ್ತೆ... ಪುಟ್ಟಿಗೋಸ್ಕರ ಅಲ್ಲ ರೀ. ನನಗೋಸ್ಕರ ಹೋಗ್ತೀನಿ.’ ಪತ್ರದ ಸಾಲು, ಚೀಟಿಗಳು, ಬೆಂಚಿನ ಮೇಲಿನ ಕಾಣದ ಮನುಷ್ಯ, ಎಲ್ಲವನ್ನೂ ತೊದಲುತ್ತ ಹೇಳಿದಳು.

ಗಂಡ ಒಂಟಿ ಶೂವನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಇಷ್ಟು ವರ್ಷ ಇದನ್ನ ಯಾಕೆ ಹೇಳಲಿಲ್ಲ?’

‘ನನಗೇ ಗೊತ್ತಿರಲಿಲ್ಲ.’

ಅವನಿಗೆ ನೋವಾಗಿತ್ತು. ಬಸ್ಸಿಗೆ ಬೀಗ ಹಾಕಿ ಮುಂದೆ ಮುಂದೆ ನಡೆದ. ಆದರೆ ಮನೆಯ ತಿರುವಿನಲ್ಲಿ, ‘ಕೋಟು ಉದ್ದ ಆಗುತ್ತೆ ನಿನಗೆ. ಕೆಳಗೆ ಮಡಚಿ ಹೊಲಿಸಬೇಕು,’ ಎಂದ.

ಮಾವ ಹಲ್ಲು ತೆಗೆದಿಟ್ಟರು. ಮೂರು ದಿನ ಮೆತ್ತಗಿನ ಊಟ, ಬಿಗಿದ ತುಟಿ. ನಾಲ್ಕನೆಯ ದಿನ ಬೆಳಿಗ್ಗೆ ಹಲ್ಲು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ‘ಹೋಗಮ್ಮ. ಹೋಗೋರನ್ನ ಹಿಡಿದುಕೊಳ್ಳೋಕೆ ನಾನ್ಯಾರು. ಆದರೆ ಹೋಗೋ ಮೊದಲು ನನಗೊಂದು ಸೆಟ್ಟು ಹೆಚ್ಚಿಗೆ ಮಾಡಿಟ್ಟು ಹೋಗು. ಇದು ಬಿದ್ದು ಒಡೆದರೆ ಬೇರೆಯವರು ಮಾಡಿದ್ದು ನನಗೆ ಆಗಿಬರಲ್ಲ.’ ಹೊಗಳಿಕೆ ಎಂದು ಅವಳಿಗೆ ಸಿಕ್ಕ ಮೊದಲ ಮಾತು ಅದು. ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅವಧಿ ಮುಗಿಯಲು ಹದಿನೆಂಟು ದಿನವಿದ್ದಾಗ ಅವಳು ಹೋದಳು.

ಅಲ್ಲಿ ಅವಳಿಗಾಗಿ ಯಾರೂ ಕಾದಿರಲಿಲ್ಲ. ವಯಸ್ಸಾದ ಹೆಂಗಸೊಬ್ಬರ ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ‘ಬನ್ನಿ ನೋಡೋಣ’ ಎಂದಿದ್ದ ನಾಲ್ವರ ಬಳಿಗೂ ಹೋದಳು. ನೋಡಿದರು, ಅಷ್ಟೇ. ಇಲ್ಲಿ ಕೆಲಸ ಮಾಡಿದ ಅನುಭವ ಇದೆಯೇ ಎಂದು ಎಲ್ಲರೂ ಕೇಳುವವರೇ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಹಾಗಾಯಿತು. ಎರಡನೆಯ ತಿಂಗಳಿಂದ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚಿದಳು. ಮನೆಗೆ ಫೋನು ಮಾಡಿದಾಗ ‘ಆಸ್ಪತ್ರೆಯಲ್ಲಿ ಕೆಲಸ’ ಎಂದಳು, ಸುಳ್ಳೇನಲ್ಲ. ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ ದಿನಗಳೂ ಇದ್ದವು. ಆದರೆ ಯಾಕೆ ಬಂದೆ ಎಂಬ ಪ್ರಶ್ನೆಗೆ ಮಾತ್ರ ಅವಳು ತಡವರಿಸಲಿಲ್ಲ.

ಆರನೆಯ ತಿಂಗಳಲ್ಲಿ ಒಂದು ಲ್ಯಾಬಿನವರು ತಾವಾಗಿಯೇ ಕರೆದರು. ಅವರ ಕೆಲಸದವಳು ಹೆರಿಗೆಗೆ ರಜೆ ಹೋಗಿದ್ದಳು; ಮೂರು ತಿಂಗಳ ಮಟ್ಟಿಗೆ ಯಾರಾದರೂ ಬೇಕಿತ್ತು. ಆ ತಾಯಿ ಮಗುವನ್ನು ಬಿಟ್ಟಿರಲಾರದೆ ಮತ್ತೆ ಬರಲೇ ಇಲ್ಲ. ಹಲ್ಲಕ್ಕ ಉಳಿದಳು.

ಅಷ್ಟರಲ್ಲಿ ಇತ್ತ ಗಂಡನ ಧೈರ್ಯ ಕರಗಿತ್ತು. ನೀರಿಗೆ ಇಳಿದ ಮೇಲೇ ಈಜು ಬರೋದು ಎಂದವನು ಈಗ ‘ಇನ್ನೊಂದು ಸ್ವಲ್ಪ ದಿನ ನೋಡೋಣ’ ಎನ್ನತೊಡಗಿದ. ಆ ದೇಶ ಬೇಡವಾಗಿ ಅಲ್ಲ; ಹೆಂಡತಿ ನೆಲೆಯೂರಿದ ಕಡೆಗೆ ಕೈ ಬೀಸಿಕೊಂಡು ಹೋಗುವುದು ಹೇಗೆಂದು. ಫೋನಿನಲ್ಲಿ ಜಗಳವಾಯಿತು, ಹದಿನೈದು ದಿನ ಮಾತು ಬಿಟ್ಟದ್ದೂ ಆಯಿತು. ಕೊನೆಗೆ ಅವಳೇ, ‘ನೀವು ಸೋತು ಬಂದ್ರೂ ಬನ್ನಿ, ಗೆದ್ದು ಬಂದ್ರೂ ಬನ್ನಿ, ನನಗೆ ಒಬ್ಬಳೇ ಊಟ ಮಾಡಿ ಸಾಕಾಗಿದೆ,’ ಎಂದಳು. ಒಂದೂವರೆ ವರ್ಷದ ಮೇಲೆ, ಮಗಳ ಪರೀಕ್ಷೆ ಮುಗಿಸಿಕೊಂಡು ಇಬ್ಬರೂ ಬಂದರು. ಮಾವ ಎರಡೂ ಸೆಟ್ಟು ಹಲ್ಲಿನ ಸಮೇತ ಎರಡು ಬೀದಿಯಾಚೆಯ ತಮ್ಮ ಮಗಳ ಮನೆ ಸೇರಿದರು. ಮೊದಲಿನಿಂದಲೂ ಅರ್ಧ ಊಟ ಅಲ್ಲೇ ಆಗುತ್ತಿತ್ತು.

ಗಂಡ ತರಕಾರಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ. ಬಸ್ಸಿನ ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಎದ್ದು ಈಗ ಬಸ್ಸು ಓಡಿಸುತ್ತಾನೆ. ಮಗಳಿಗೆ ಹೊಸ ಶಾಲೆ ಇನ್ನೂ ಪೂರ್ತಿ ಒಗ್ಗಿಲ್ಲ. ಕೆಲವು ದಿನ ಬಾಗಿಲು ಹಾಕಿಕೊಂಡು ಹಳೆಯ ಗೆಳತಿಯರ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ. ಹಲ್ಲಕ್ಕ ನಲವತ್ತೆರಡನೆಯ ವಯಸ್ಸಿನಲ್ಲಿ ಆ ಎರಡು ವರ್ಷದ ಓದಿಗೆ ಸೇರಿದ್ದಾಳೆ. ವಾರದಲ್ಲಿ ನಾಲ್ಕು ದಿನ ಲ್ಯಾಬು, ಎರಡು ದಿನ ತರಗತಿ. ತರಗತಿಯಲ್ಲಿ ಇವಳೇ ಎಲ್ಲರಿಗಿಂತ ದೊಡ್ಡವಳು. ಕೈಕೆಲಸದಲ್ಲಿ ಮುಂದು, ಬರವಣಿಗೆಯಲ್ಲಿ ಹಿಂದು.

ಮೊನ್ನೆ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಒಂದು ವಿಷಯದಲ್ಲಿ ನಪಾಸು. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದವಳನ್ನು ಕಂಡು ಗಂಡ, ‘ಒಂದೇ ಸಲ ತಾನೆ? ನನ್ನ ಲೆಕ್ಕಕ್ಕೆ ಬರೋಕೆ ಇನ್ನೊಂದು ಸಲ ಬೀಳಬೇಕು ನೀನು,’ ಎಂದ. ಅವಳು ಬೇಡವೆಂದರೂ ನಗು ಬಂತು. ಮುಂದಿನ ತಿಂಗಳು ಮತ್ತೆ ಬರೆಯಬೇಕು. ಮಗಳು ಪುಸ್ತಕ ಕಸಿದುಕೊಂಡು ಎದುರು ಕೂತು, ದವಡೆಯ ಸ್ನಾಯುಗಳ ಹೆಸರು ಒಂದೊಂದಾಗಿ ಕೇಳತೊಡಗಿದಳು. ಮೂರನೆಯದು ತಪ್ಪಿತು.

‘ತಪ್ಪು,’ ಎಂದಳು ಮಗಳು. ‘ಇನ್ನೊಂದ್ಸಲ ಹೇಳಮ್ಮ.’