ಅಕ್ಕನ ಕಾಲಿಗೆ ಎಟುಕಿದ ಎತ್ತರ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಸೀಳಿನೊಳಗೆ ಗ್ರೀಸ್ ಕೂತು, ಯಾರೋ ಪೆನ್ನಿನಿಂದ ಎಳೆದಂತೆ ಕಪ್ಪು ಗೆರೆ ಕಾಣುತ್ತಿತ್ತು. ಎಡಗೈ ಎಂದು ಬರೆದೆ. ಅಕ್ಕ ಬಲಗೈ ಎನ್ನುತ್ತಾಳೆ. ನಾನು ಭೌತಶಾಸ್ತ್ರ ಓದಿದವನು, ಅಳೆದದ್ದನ್ನು ಮಾತ್ರ ನಂಬಬೇಕೆಂದು ಕಲಿತವನು. ನೆನಪನ್ನು ಅಳೆಯುವ ಕೋಲು ನನ್ನ ಬಳಿ ಇಲ್ಲ. ಹಾಗಾಗಿ ಅಕ್ಕ ಒಪ್ಪದ ಕಡೆಯೆಲ್ಲ ಅವಳು ಒಪ್ಪುವುದಿಲ್ಲವೆಂದೇ ಬರೆಯುತ್ತೇನೆ.

ಅವರು ಕಮಾನು ಪಟ್ಟಿಯ ಮೇಸ್ತ್ರಿ. ಲಾರಿ, ಟ್ರೈಲರ್, ಜೀಪುಗಳ ಅಡಿಯಲ್ಲಿ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಕೂತು ಭಾರ ಹೊರುವ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ ಬಡಿದು ಕಟ್ಟುವುದು ಅವರ ಕಸುಬು. ಊರು ಅಜ್ಜಂಪುರ. ಕಡೂರಿನ ಅಂಚಿನಲ್ಲಿ, ತರೀಕೆರೆ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

ನಾನು ಎರಡು ಕಾಲೇಜುಗಳಲ್ಲಿ ಪಾಠ ಹೇಳಿ, ಎರಡರಲ್ಲೂ ನಿಲ್ಲಲಾಗದೆ, ಹಿರೇನಲ್ಲೂರಿನಾಚೆಯ ನಮ್ಮ ಹೊಲದ ಮನೆಗೆ ಬಂದಿದ್ದೆ. ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ಅಕ್ಕನಿಗೆ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ಕಡೂರಿಗೆ ಡಯಾಲಿಸಿಸ್‌ಗೆ ಹೋಗಬೇಕಾಗಿತ್ತು. ಮನೆಗೂ ಡಾಂಬರು ರಸ್ತೆಗೂ ನಡುವೆ ಗಾಡಿದಾರಿ. ಅದಕ್ಕಡ್ಡವಾಗಿ ಒಂದು ಹಳ್ಳ. ಹಳ್ಳದ ನಡುವೆ ಎಮ್ಮೆ ಮಲಗಿದಂಥ ಕಲ್ಲು. ನಮ್ಮ ಹಳೆಯ ಜೀಪಿನ ಪಟ್ಟಿಗಳು ಸೋತು ಚಪ್ಪಟೆಯಾಗಿದ್ದವು. ದಾಟುವಾಗಲೆಲ್ಲ ಜೀಪಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತಿತ್ತು. ಒಂದು ಸಲ ಅಲ್ಲೇ ಸಿಕ್ಕಿಕೊಂಡು ಆ ದಿನದ ಡಯಾಲಿಸಿಸ್ ತಪ್ಪಿತು. ಮರುದಿನ ಅಕ್ಕನ ಮುಖ ಊದಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಇನ್ನೊಂದು ಸಲ ತಪ್ಪುವಂತಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು.

ಜೀಪನ್ನು ಎತ್ತರಿಸಲೇಬೇಕೆಂದು ನಾನು ಮೂರಿಂಚು ಎತ್ತುವ ಹೊಸ ಪಟ್ಟಿಗಳ ಸೆಟ್ಟು ತರಿಸಿದೆ. ಅಕ್ಕನಿಗಾಗಿ ಎಂದೇ ಹೇಳಿಕೊಂಡೆ. ಆದರೆ ಕೆಮ್ಮಣ್ಣುಗುಂಡಿಯ ಕಚ್ಚಾ ದಾರಿಗಳಲ್ಲಿ ಎತ್ತರದ ಜೀಪುಗಳು ಏರುವುದನ್ನು ನೋಡಿ ನಾನು ಆಸೆಪಟ್ಟಿದ್ದೂ ನಿಜ. ಯಾವುದು ಎಷ್ಟು ಪಾಲು ಎಂದು ಈಗ ಬಿಡಿಸಿ ಹೇಳಲಾರೆ.

ಶೆಡ್ಡಿಗೆ ಒಯ್ದ ಆ ಸೆಟ್ಟಿನ ಡಬ್ಬ ತೆರೆದು ನೋಡಿದ ಮೇಸ್ತ್ರಿ ಒಂದು ಪಟ್ಟಿಯನ್ನು ಉಗುರಿನಿಂದ ತಟ್ಟಿದರು.

“ಮೂರಿಂಚಾ? ಯಾವ ಬೆಟ್ಟ ಹತ್ತಿಸ್ತೀರಾ ಸಾರ್?”

“ಬೆಟ್ಟ ಅಲ್ಲ ಮೇಸ್ತ್ರಿ. ಅಕ್ಕನ್ನ ಡಯಾಲಿಸಿಸ್‌ಗೆ ಕರ್ಕೊಂಡ್ ಹೋಗ್ಬೇಕು, ಹಳ್ಳದಲ್ಲಿ ಕಲ್ಲು ತಾಗ್ತದೆ.”

“ಎಲ್ಲವ್ರೆ ಅಕ್ಕ?”

“ಮನೇಲಿ.”

“ಕೂರೋರ್ನ ಬಿಟ್ಟು ಬರೀ ಗಾಡಿ ತಂದ್ರೆ ಹೆಂಗೆ? ಕರ್ಕೊಂಡ್ ಬನ್ನಿ. ಆಮೇಲೆ ಬಿಚ್ತೀನಿ.”

ಅದು ಅವರ ಪದ್ಧತಿ. ಯಾವ ಗಾಡಿಯೇ ಆಗಲಿ, ಅದರಲ್ಲಿ ದಿನಾ ಕೂರುವವರು ಬಂದು ತಂತಮ್ಮ ಜಾಗದಲ್ಲಿ ಕೂತ ಮೇಲೆಯೇ ಅಳತೆ. ಕುರಿ ಸಾಗಿಸುವ ಯಗಟಿಯ ಗಾಡಿಯವರು ಕುರಿಗಳನ್ನೂ ತುಂಬಿಕೊಂಡು ಬರುತ್ತಿದ್ದರು. ಎದುರಿನ ಟೀ ಅಂಗಡಿಯವನು ಆ ಶೆಡ್ಡಿಗೆ ‘ಫೋಟೋ ಸ್ಟುಡಿಯೋ’ ಎಂದೇ ಹೆಸರಿಟ್ಟಿದ್ದ.

ನನಗದು ಮೂಢನಂಬಿಕೆಯಂತೆ ಕಂಡಿತು. ಭಾರ ಎಂದರೆ ಭಾರ. ಪಟ್ಟಿಗೆ ಮನುಷ್ಯರ ಗುರುತು ಎಲ್ಲಿರುತ್ತದೆ? ಮರುದಿನ ಅಕ್ಕನ ತೂಕಕ್ಕೆ ಸರಿಯಾಗಿ ಐವತ್ತೆರಡು ಕಿಲೋ ರಾಗಿ ತೂಗಿ, ಮೂಟೆ ಕಟ್ಟಿ, ಅಕ್ಕ ಕೂರುವ ಸೀಟಿನ ಮೇಲಿಟ್ಟು ಕೊಂಡೊಯ್ದೆ. ಒಂದು ಹಾಳೆಯಲ್ಲಿ ಲೆಕ್ಕವನ್ನೂ ಬರೆದುಕೊಂಡಿದ್ದೆ.

ಮೇಸ್ತ್ರಿ ಬಗ್ಗಿ ಒಳಗೆ ನೋಡಿ, ಮೂಟೆಗೆ ಕೈಮುಗಿದರು. “ಅಕ್ಕಾರೇ, ಚೆನ್ನಾಗಿದ್ದೀರಾ?”

ಟೀ ಅಂಗಡಿಯವನು ಗಹಗಹಿಸಿದ. ನಾನು ಹಾಳೆ ಚಾಚಿದೆ. “ತೂಕ ಸರಿಯಾಗಿದೆ ಮೇಸ್ತ್ರಿ. ಬೇಕಾದ್ರೆ ತೂಗಿ ನೋಡಿ.”

“ತೂಕ ಸರಿ ಇರ್ಬೋದು. ಈ ಮೂಟೇನ ನೀವು ಎತ್ತಿ ಇಟ್ರಿ. ಅಕ್ಕನ್ನೂ ಹಿಂಗೇ ಎತ್ತಿ ಇಡ್ತೀರಾ?” ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. “ಸೂಜಿ ತೆಗ್ಸ್ಕೊಂಡು ಆಸ್ಪತ್ರೆಯಿಂದ ವಾಪಸ್ ಬರೋವಾಗ ಕರ್ಕೊಂಡ್ ಬನ್ನಿ. ಸುಸ್ತಾಗಿರೋವಾಗ್ಲೇ ನೋಡ್ಬೇಕು.”

ಆ ಗುರುವಾರ ಮಧ್ಯಾಹ್ನ ಅಕ್ಕನನ್ನು ಕರೆದೊಯ್ದೆ. ಗುರುವಾರ ಹೌದೋ ಅಲ್ಲವೋ. ಮೇಸ್ತ್ರಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಆಮೇಲೆ ಜೀಪಿನ ಅಡಿಯ ಚೌಕಟ್ಟಿಗೆ ಜಾಕ್ ಕೊಟ್ಟು, ಹೊಸ ಪಟ್ಟಿ ಹಾಕಿದರೆ ಎಷ್ಟು ಏಳುತ್ತದೋ ಅಷ್ಟು, ಮೂರಿಂಚು, ಎತ್ತಿ ನಿಲ್ಲಿಸಿ, ಅಲುಗದಂತೆ ಮರದ ತುಂಡು ಕೊಟ್ಟರು.

“ಹತ್ತಿ ನೋಡಿ ಅಕ್ಕಾರೇ.”

ಬಾಗಿಲಲ್ಲಿ ಕಾಲಿಡುವ ಅಂಚಿಗೆ ಅಕ್ಕ ಹೊಸ್ತಿಲು ಎನ್ನುತ್ತಿದ್ದಳು. “ನಿನ್ನ ಜೀಪಿನ ಹೊಸ್ತಿಲು ಮಠದ ಜಗಲಿ ಆಗೋಯ್ತಲ್ಲೋ,” ಎಂದು ನಕ್ಕು ಕಾಲೆತ್ತಿದಳು. ಎಟುಕಲಿಲ್ಲ. ಸೀರೆಯನ್ನು ಒಂದಿಷ್ಟು ಮೇಲೆತ್ತಿ ಮತ್ತೆ ನೋಡಿದಳು. ಮೂರನೇ ಸಲ ಪಾದ ಅಂಚಿಗೆ ತಾಗಿ ಜಾರಿತು. ಬ್ಯಾಂಡೇಜಿದ್ದ ಕೈಯನ್ನು ಎದೆಗೊತ್ತಿಕೊಂಡು, ಬಾಗಿಲ ಕಂಬಿಗೆ ಹಣೆಯಾನಿಸಿ ನಿಂತುಬಿಟ್ಟಳು. ನಾನು ತೋಳು ಹಿಡಿಯಲು ಹೋದೆ.

“ಬಿಡೋ, ಇನ್ನೊಂದ್ಸಲ ನೋಡ್ತೀನಿ,” ಎಂದಳು.

“ಬ್ಯಾಡಿ ಅಕ್ಕಾರೇ,” ಎಂದರು ಮೇಸ್ತ್ರಿ. “ಇಳೀಬೇಕಾಗಿರೋದು ಗಾಡಿ.”

ಮರದ ತುಂಡು ತೆಗೆದು ಜಾಕನ್ನು ಇಷ್ಟಿಷ್ಟೇ ಸಡಿಲಿಸಿದರು. ಪ್ರತಿ ಸಲವೂ ಅಕ್ಕ ಕಾಲೆತ್ತಿ ನೋಡಿದಳು. ಕೊನೆಗೊಮ್ಮೆ ಪಾದ ಹೊಸ್ತಿಲ ಮೇಲೆ ಪೂರ್ತಿ ಕೂತಿತು. ಮೇಸ್ತ್ರಿ ಪೊರಕೆಯ ಬಿದಿರು ಹಿಡಿಯನ್ನು ನೆಲದಿಂದ ಹೊಸ್ತಿಲಿಗೆ ಹಿಡಿದು, ಆ ಸೀಳುಗುರಿನಿಂದಲೇ ಗುರುತು ಕೊರೆದರು. ಮೊದಲಿಗಿಂತ ಒಂದೂವರೆ ಇಂಚು ಮೇಲೆ.

ಕೆಳಗೊಂದು ಮೆಟ್ಟಿಲು ಬೆಸೆದರೆ ಮೂರಿಂಚನ್ನೇ ಇಟ್ಟುಕೊಳ್ಳಬಹುದಲ್ಲ ಎಂದೆ. “ಹಳ್ಳದ ಕಲ್ಲಿಗೆ ಮೊದ್ಲು ಸಿಗೋದೇ ಆ ಮೆಟ್ಲು,” ಎಂದರು. ಇನ್ನೊಂದು ಮಾತನ್ನೂ ಹೇಳಿದರು: “ನಿಮ್ಮ ಹೊಸ ಪಟ್ಟಿ ಬಲು ಬಿರುಸು ಸಾರ್. ಬಗ್ಗದೇ ಇರೋ ಪಟ್ಟಿ ತಾನು ತಿನ್ನೋ ಏಟನ್ನೆಲ್ಲ ಮ್ಯಾಲೆ ಕುಂತೋರ ಬೆನ್ನಿಗೆ ದಾಟಿಸ್ತದೆ.” ಇದನ್ನು ಅವರು ಇಷ್ಟು ಅಂದವಾಗಿ ಹೇಳಿದರೋ, ವರ್ಷಗಳಲ್ಲಿ ನಾನೇ ತಿದ್ದಿದೆನೋ, ತಿಳಿಯದು. ಅಕ್ಕನಿಗೆ ಆ ಮಾತು ನೆನಪೇ ಇಲ್ಲ.

ನನ್ನ ಡಬ್ಬವನ್ನು ಮುಚ್ಚಿ ಕೊಟ್ಟರು. ಹಳೆಯ ಪಟ್ಟಿಗಳನ್ನೇ ಬಿಚ್ಚಿ, ಬಡಿದು ಬಾಗು ತಂದು, ಮುರುಕಲಾಗಿದ್ದ ಒಂದನ್ನು ಬದಲಿಸಿ ಕಟ್ಟಿದರು. ಕಟ್ಟಿದ ಮೇಲೆ ಅಕ್ಕನನ್ನು ಹತ್ತಿಸಿ, ಇಳಿಸಿ, ಅದೇ ಬಿದಿರನ್ನು ಹಿಡಿದು ನೋಡಿದರು. ಗುರುತಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು. “ನಾಲ್ಕು ದಿನ ಓಡಿದ್ರೆ ಕುಂತ್ಕತ್ತದೆ,” ಎಂದರು. ಕೂತುಕೊಂಡಿತು.

ಒಂದೂವರೆ ಇಂಚು ಹಳ್ಳಕ್ಕೆ ಸಾಲದೆಂದು ನನ್ನ ಲೆಕ್ಕ ಹೇಳುತ್ತಿತ್ತು. ಸಾಲದೆಂದು ಅವರಿಗೂ ಗೊತ್ತಿತ್ತು. ಮುಂದಿನ ಭಾನುವಾರ ಹಾರೆ, ಸುತ್ತಿಗೆ, ಉಳಿ ಹಿಡಿದು ನಮ್ಮ ಹಳ್ಳಕ್ಕೆ ಬಂದರು. “ಗಾಡಿ ಎಷ್ಟ್ ಎತ್ತಿದ್ರೂ ಕಲ್ಲು ಅಲ್ಲೇ ಇರ್ತದಲ್ವಾ?” ಎಂದು ಅವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದನ್ನು ಹೇಳಿದ್ದು ತಾನೆಂದು, ಅದೂ ಶೆಡ್ಡಿನಲ್ಲಿ, ನಾನು ಟೀ ತರಲು ಹೋಗಿದ್ದಾಗ, ಎಂದು ಅಕ್ಕ ಸಾಧಿಸುತ್ತಾಳೆ. ಇರಬಹುದು. ಅಂತೂ ನಾವಿಬ್ಬರೂ ಸಂಜೆಯವರೆಗೆ ಕಲ್ಲಿನ ತಲೆ ಒಡೆದೆವು. ಅವರು ಕಲ್ಲು ಸೀಳುವ ಗೆರೆ ನೋಡಿ ಉಳಿ ಇಡುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಮರುದಿನ ಜೀಪು ಹೊಟ್ಟೆ ತಾಗದೆ ದಾಟಿತು. ಆಮೇಲೆ ಆ ಕಲ್ಲಿನಿಂದಾಗಿ ಅಕ್ಕನ ಡಯಾಲಿಸಿಸ್ ಒಂದು ಸಲವೂ ತಪ್ಪಲಿಲ್ಲ.

ಕೆಲವು ವರ್ಷಗಳ ನಂತರ ಶೆಡ್ಡಿಗೆ ಬೀಗ ಬಿತ್ತು. ಮೇಸ್ತ್ರಿಗೆ ಶ್ವಾಸಕೋಶದ ಕಾಯಿಲೆ, ಅಜ್ಜಂಪುರದಲ್ಲೇ ಮಲಗಿದ್ದಾರೆ ಎಂದು ಟೀ ಅಂಗಡಿಯವನಿಂದ ತಿಳಿಯಿತು. ಹೋಗಬೇಕು ಎಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದೆ. ಒಂದು ಬೆಳಿಗ್ಗೆ ಅವರ ಹೆಂಡತಿಯೇ ಫೋನು ಮಾಡಿದರು: “ತರೀಕೆರೆಗೆ ಡಾಕ್ಟ್ರತ್ರ ಕರ್ಕೊಂಡ್ ಹೋಗ್ಬೇಕು ಕಣಪ್ಪಾ. ಕಾರು ಬ್ಯಾಡ, ಆಟೋ ಬ್ಯಾಡ ಅಂತವ್ರೆ. ಆ ಅಕ್ಕನ ಜೀಪಾದ್ರೆ ಬತ್ತೀನಿ ಅಂತವ್ರೆ.”

ಅಕ್ಕನೂ ಬಂದಳು. ಮೇಸ್ತ್ರಿ ಬಾಗಿಲಿಗೆ ನಡೆದು ಬರುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ಕೂಡಿಸಿಕೊಂಡರು. ಅಂಗಿ ಗೂಟಕ್ಕೆ ನೇತುಹಾಕಿದಂತಿತ್ತು. ನಾನು ಎತ್ತಿ ಕೂರಿಸಲೆಂದು ಮುಂದೆ ಹೋದೆ. ಅಕ್ಕ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ಅವರು ಕಂಬಿ ಹಿಡಿದು, ಕೆಳಗೆ ನೋಡದೆ, ಕಾಲೆತ್ತಿದರು. ಪಾದ ಹೊಸ್ತಿಲ ಮೇಲೆ ಪೂರ್ತಿ ಕೂತಿತು.

ದಾರಿಯಲ್ಲಿ ಒಂದೇ ಮಾತು ಕೇಳಿದರು. “ಅಕ್ಕಾರೇ, ಬೆನ್ನಿಗೆ ಏಟು ಬತ್ತದಾ?”

“ಇಲ್ಲ ಕಣಪ್ಪಾ,” ಎಂದಳು ಅಕ್ಕ.

ಹತ್ತು ದಿನಕ್ಕೆ ಅವರು ತೀರಿಕೊಂಡರು. ಮೂರಿಂಚಿನ ಪಟ್ಟಿಗಳ ಡಬ್ಬ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಹಾಗೇ ಇದೆ. ಉಗುರು ಯಾವ ಕೈಯದು, ಕಲ್ಲಿನ ಮಾತು ಯಾರದು ಎಂದು ನಾವಿಬ್ಬರೂ ಇನ್ನೂ ಜಗಳವಾಡುತ್ತೇವೆ. ಅವರು ಕೆಳಗೆ ನೋಡದೆ ಕಾಲೆತ್ತಿದ್ದರ ಬಗ್ಗೆ ಮಾತ್ರ ಇಬ್ಬರಲ್ಲೂ ತಕರಾರಿಲ್ಲ.