ಮಂತ್ರಿಯ ಕೈ ಹಿಡಿದ ಚಂದ್ರಕ್ಕ

ಕೆನ್ನೆಗೆ ಗಂಧದಂಥ ಹಳದಿ ಲೇಪ ಹಚ್ಚಿಕೊಂಡಿದ್ದ ಬರ್ಮಾದ ಹೆಂಗಸೊಬ್ಬಳು ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನ ನಮ್ಮ ಆಸ್ಪತ್ರೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿ, ಅಪ್ಪಟ ಮೈಸೂರು ಕನ್ನಡದಲ್ಲಿ, "ಏನಮ್ಮ ಡಾಕ್ಟ್ರೇ, ಮುಖ ಬಾಡೋಗಿದೆ. ತಿಂಡಿ ತಿಂದ್ಯೋ ಇಲ್ವೋ?" ಎಂದು ಕೇಳಿದಾಗ ನಾನು ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡೆ. ನಾನು ಫೋನಿನಲ್ಲಿ ಅಮ್ಮನೊಂದಿಗೆ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತಂತೆ.

ಅವಳ ಹೆಸರು ಸಾಂದಾ, ಎಂದರೆ ಚಂದ್ರ. ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಗೆಳತಿಯರು ಅವಳನ್ನು ಚಂದ್ರಿ ಮಾಡಿದ್ದರು, ನನಗೆ ಚಂದ್ರಕ್ಕನಾದಳು. ಗಾಯಕ್ಕೆ ಕಟ್ಟು ಬಿಚ್ಚಿ ಕಟ್ಟುವುದು ಅವಳ ಕೆಲಸ. ಅಂಟಿಕೊಂಡ ಪಟ್ಟಿಯನ್ನು, "ಬಾರೋ ಮಹರಾಯ, ಸತಾಯಿಸ್ಬೇಡ" ಎಂದು ಮೆಲ್ಲಗೆ ಬೈಯುತ್ತಾ ಬಿಡಿಸುತ್ತಿದ್ದಳು. ಅದು ಯಾವುದೋ ಬೌದ್ಧ ಮಂತ್ರವೆಂದು ನಂಬಿದ್ದ ಮುದುಕನೊಬ್ಬ ಕಣ್ಣು ಮುಚ್ಚಿ ಕೈಮುಗಿದು ಕೂರುತ್ತಿದ್ದ.

ಅವಳ ಗಂಡ ಮಿನ್ ರಂಗೂನಿನಲ್ಲಿ ಸರ್ಜನ್. ಸೈನ್ಯ ಅಧಿಕಾರ ಕಿತ್ತುಕೊಂಡಾಗ ಪ್ರತಿಭಟಿಸಿ ಸರ್ಕಾರಿ ಆಸ್ಪತ್ರೆ ಬಿಟ್ಟು ಹೊರಬಂದವರಲ್ಲಿ ಅವನೂ ಒಬ್ಬ. ಗುಂಡೇಟು ತಿಂದವರಿಗೆ ಗುಟ್ಟಾಗಿ ಆಪರೇಶನ್ ಮಾಡಿದನೆಂದು ಸೈನಿಕರು ಅವನನ್ನು ಹಿಡಿದುಕೊಂಡು ಹೋದರು. ಆಮೇಲೆ ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೂ ಇಲ್ಲ. ನಾನು ಕೇಳಿದರೆ ಚಂದ್ರಕ್ಕ, "ಮಾಯದೇ ಇರೋ ಗಾಯ ಕೆರೀಬಾರ್ದು ಕಣೆ" ಎಂದು ಮಾತು ಬದಲಿಸುತ್ತಿದ್ದಳು.

ಬರ್ಮಾದ ನೆರೆಯ ದೇಶವೊಂದರ ವಿದೇಶಾಂಗ ಮಂತ್ರಿ ಅಲ್ಲಿನ ಸೈನಿಕ ಸರ್ಕಾರವನ್ನು ಭೇಟಿಯಾಗಲು ಹೊರಟಾಗ ಮಾತ್ರ ಅವಳು ಆಸೆ ಇಟ್ಟುಕೊಂಡಳು. "ದೊಡ್ಡೋರು ಹೋಗ್ತಿದಾರೆ. ಜೈಲಲ್ಲಿರೋರ ಬಗ್ಗೆ ಒಂದು ಮಾತು ಕೇಳೇ ಕೇಳ್ತಾರೆ."

ಊಟದ ಬಿಡುವಿನಲ್ಲಿ ಇಬ್ಬರೂ ಟಿವಿ ಮುಂದೆ ಕೂತಿದ್ದೆವು. ಸೈನ್ಯದ ಜನರಲ್ಲು ಮತ್ತು ಮಂತ್ರಿ ನಗುನಗುತ್ತಾ ಆಸ್ಪತ್ರೆಯೊಂದನ್ನು ನೋಡುತ್ತಿದ್ದರು. ಬಿಳಿ ಕೋಟಿನ ಡಾಕ್ಟರುಗಳು ಸಾಲಾಗಿ ನಿಂತಿದ್ದರು. ಮಂತ್ರಿ ಒಬ್ಬೊಬ್ಬರ ಕೈ ಕುಲುಕುತ್ತಾ ಬಂದು, ತೀರಾ ಸೊರಗಿದ ಒಬ್ಬನ ಮುಂದೆ ನಿಂತರು.

"ಮಿನ್" ಎಂದಳು ಚಂದ್ರಕ್ಕ.

ನಾನು ಅವಳನ್ನು ತಬ್ಬಿಕೊಂಡೆ. "ಅಕ್ಕಾ, ಬದುಕಿದಾರೆ ನೋಡಿ."

ಅವಳ ಮೈ ಕೊರಡಿನಂತೆ ಸೆಟೆದಿತ್ತು. "ಆ ಕೋಟು ಅವನದಲ್ಲ. ತೋಳು ನೋಡು, ಎಷ್ಟು ಗಿಡ್ಡ ಇದೆ. ಜೈಲಿಂದ ತಂದು ನಿಲ್ಸಿದಾರೆ."

ಟಿವಿಯಲ್ಲಿ ಮಂತ್ರಿ, ಆಸ್ಪತ್ರೆಗಳು ಎಂದಿನಂತೆ ನಡೆಯುತ್ತಿವೆ, ಡಾಕ್ಟರುಗಳು ಸಂತೋಷವಾಗಿದ್ದಾರೆ ಎಂದು ಹೇಳುತ್ತಿದ್ದರು.

ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿದ್ದ ಮಿನ್‌ನ ತಂಗಿಗೆ ಊರಿನ ಸುದ್ದಿ ಹೇಗೋ ತಲುಪುತ್ತಿತ್ತು. ಮಂತ್ರಿಯ ವಿಮಾನ ಹೊರಟ ಮೇಲೆ ಮಿನ್‌ನನ್ನು ಮತ್ತೆ ಜೈಲಿಗೆ ಹಾಕಿದರೆಂದು ಅವಳೇ ಫೋನ್ ಮಾಡಿ ತಿಳಿಸಿದಳು. ಸ್ವಲ್ಪ ಕಾಲದ ನಂತರ ಇನ್ನೊಂದು ಫೋನ್ ಬಂತು: ಜೈಲಿನಲ್ಲೇ ಹೃದಯ ನಿಂತಿತಂತೆ. ದೇಹ ಕೊಡಲಿಲ್ಲ. ಚಂದ್ರಕ್ಕ ಅಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಬಂದು ಬ್ಯಾಂಡೇಜು ಬಿಚ್ಚಿದಳು, ಕಟ್ಟಿದಳು. ಆದರೆ ಪಟ್ಟಿಯನ್ನು ಬೈಯಲಿಲ್ಲ. ಇವತ್ತು ಮಂತ್ರ ಯಾಕಿಲ್ಲ ಎಂದು ಆ ಮುದುಕ ನನ್ನನ್ನು ಕೇಳಿದ.

ಅದೇ ಮಂತ್ರಿ ಅಡಿಲೇಡಿಗೆ ಭಾಷಣಕ್ಕೆ ಬರುತ್ತಾರೆಂದು ತಿಳಿದಾಗ ಅವಳು ಟಿಕೆಟ್ ತೆಗೆದಳು. ಏನಾದರೂ ಅನಾಹುತ ಮಾಡಿಕೊಂಡಾಳೆಂದು ಹೆದರಿ ನಾನೂ ಜೊತೆಗೆ ಹೋದೆ. ಭಾಷಣ ನೆರೆಹೊರೆಯ ಸ್ನೇಹದ ಬಗ್ಗೆ. ಮುಗಿದ ಮೇಲೆ ಜನ ಮಂತ್ರಿಯನ್ನು ಮಾತಾಡಿಸಲು ಸಾಲು ನಿಂತರು, ನಾವೂ ನಿಂತೆವು. ನಮ್ಮ ಸರದಿ ಬಂದಾಗ ಅವರು ಕೈ ಚಾಚಿದರು. ಚಂದ್ರಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರಂಗೂನಿನ ಆಸ್ಪತ್ರೆಯಲ್ಲಿ ನೀವು ಕೈ ಕುಲುಕಿದ ಸಣಕಲು ಡಾಕ್ಟರ್ ನನ್ನ ಗಂಡ. ಈಗ ಅವರಿಲ್ಲ. ಜೈಲಿಗೆ ಹೋದ ಮೇಲೆ ನಮ್ಮವರು ಯಾರೂ ಅವರನ್ನು ಮುಟ್ಟಲಿಲ್ಲ, ಕೊನೆಗೆ ಮುಟ್ಟಿದವರು ನೀವೇ. ಅವರ ಕೈ ಬೆಚ್ಚಗಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಂತ್ರಿಯ ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. "ಕ್ಷಮಿಸಿ, ನನಗೆ ನೆನಪಿಲ್ಲ" ಎಂದರು. ಅವರ ಸಹಾಯಕನೊಬ್ಬ ಬಂದು ಆ ಕೈಯನ್ನು ಮೆಲ್ಲಗೆ ಬಿಡಿಸಿದ. ಚಂದ್ರಕ್ಕ ಥ್ಯಾಂಕ್ಸ್ ಹೇಳಿ ಹೊರಗೆ ನಡೆದಳು.

ಆ ವರ್ಷವೇ ಅವಳು ಕೆಲಸ ಬಿಟ್ಟು ಥಾಯ್ಲೆಂಡಿನ ಗಡಿಗೆ ಹೊರಟಳು. ಬರ್ಮಾದಿಂದ ಓಡಿಬಂದವರ ಗಾಯ ನೋಡುವ ಕ್ಲಿನಿಕ್ಕು ಅಲ್ಲಿತ್ತಂತೆ. ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ, ಅಷ್ಟು ದಿನ ಒಳಗೇ ಇದ್ದ ಸಿಟ್ಟಿನಿಂದ ನಾನು, "ಆ ಮನುಷ್ಯ ನೆನಪಿಲ್ಲ ಅಂತ ಸುಳ್ಳು ಹೇಳಿಬಿಟ್ರಲ್ಲ ಅಕ್ಕ" ಎಂದೆ.

"ಇಲ್ಲ ಕಣೆ, ನಿಜಾನೇ ಹೇಳಿದ್ರು" ಎಂದಳು ಚಂದ್ರಕ್ಕ. "ಬೆಚ್ಚಗಿತ್ತು ಅಂತ ಒಂದು ಸುಳ್ಳು ಹೇಳಿದ್ರೆ ಅವರಿಗೇನು ಹೋಗ್ತಿತ್ತು? ನಾನು ನಂಬ್ತಿದ್ದೆ."