ನಮ್ಮ ಆಮೆ, ಅವರ ಅಜ್ಜಿ

ಯುದ್ಧಗಾಡಿಗಳ ಗುರುತು ಕಲಿಸುವ ಮೇಷ್ಟ್ರಿಗೆ ಲೋಕವೆಲ್ಲ ನೆರಳಾಗಿಯೇ ಕಾಣುತ್ತದೆ. ಬೆಳಗಿನ ಮಂಪರಿನಲ್ಲಿ ಕೆಟಲಿನ ನೆರಳು ಟ್ಯಾಂಕಿನಂತೆ ಗೋಡೆಯ ಮೇಲೆ ತೇಲಿದರೆ, "ಕೊಳವೆ ಗಿಡ್ಡ, ನಮ್ಮದೇ" ಎಂದು ಮಗ್ಗುಲು ಬದಲಿಸುತ್ತಾರೆ. "ನಿಮ್ಮದಲ್ಲ, ನನ್ನದು. ಏಳಿ" ಎನ್ನುತ್ತಾಳೆ ಹೆಂಡತಿ. ತರಗತಿಯ ಪರದೆಯಲ್ಲಿ ಮಂಜಿನೊಳಗಿಂದ ಒಂದೊಂದೇ ಗಾಡಿ ಮೂಡುತ್ತದೆ. "ನಾವು ಆಮೆ ಅನ್ನೋದನ್ನೇ ಮಿತ್ರಸೇನೆಯೋರು ಅಜ್ಜಿ ಅಂತಾರೆ. ಹೆಸರು ಕೇಳಿ ಗುಂಡು ಹಾರಿಸ್ಬೇಡ್ರಪ್ಪಾ, ಚಕ್ರ ನೋಡಿ" ಎಂದು ಹೇಳಿ ಹೇಳಿ ಅವರ ಗಂಟಲ ಪಸೆ ಆರಿದೆ. ಕೊನೆಯ ಚಿತ್ರದ ಗಾಡಿ ಮಾತ್ರ ಸುಟ್ಟು ಕರಕಲು. ಯಾರಿಗೂ ಗುರುತು ಹತ್ತುವುದಿಲ್ಲ. "ಆಮೆನಾ, ಅಜ್ಜಿನಾ ಸಾರ್?" ಎಂದು ಹೊಸ ಸಿಪಾಯಿಗಳು ಕೇಳಿದರೆ ಮೇಷ್ಟ್ರು ಕೋಲಿನ ತುದಿಯನ್ನು ಮೆತ್ತಗೆ ಅದರ ಮುಚ್ಚಳದ ಮೇಲಿಡುತ್ತಾರೆ. "ಹೆಸರು ತಿಳೀದೆ ನಮ್ಮೋರೇ ಹೊಡೆದದ್ದು. ಒಳಗಿದ್ದೋನನ್ನ ಸೇನೆಯೋರು ಡ್ರೈವರ್ ಅಂತಿದ್ರು, ನಾನು ತಮ್ಮಾ ಅಂತಿದ್ದೆ."